ಅನ್ನ ಕಡಿಮೆ ಮಾಡಿದವರಿಗೆ ಲೋಟದಲ್ಲಿ ಜೀವಸತ್ವ

ಲಕ್ಕವಳ್ಳಿಯ ಭದ್ರಾ ಜಲಾಶಯದ ನೀರು ಬಂದ ಮೇಲೆ ಭದ್ರಾವತಿ ತಾಲ್ಲೂಕಿನ ಬಯಲುಗಳಲ್ಲಿ ಭತ್ತವೇ ಮುಖ್ಯ ಬೆಳೆಯಾಯಿತು, ಅನ್ನವೇ ಮುಖ್ಯ ಊಟವಾಯಿತು. ತುಂಗೆಯ ದಡದ ಶಿವಮೊಗ್ಗದ ಮಾತೂ ಇದೇ. ಇಂಥ ಕಡೆ ಸಕ್ಕರೆ ಕಾಯಿಲೆಯೆಂದೋ ಬೊಜ್ಜೆಂದೋ ವೈದ್ಯರು "ಅನ್ನ ಕಡಿಮೆ ಮಾಡಿ" ಎಂದರೆ ಮನೆಯ ಅಡುಗೆಯೇ ಬದಲಾಗಬೇಕಾಗುತ್ತದೆ. ಬದಲಾದ ಊಟದಲ್ಲಿ ಸತ್ವ ಸಾಲದೇನೋ ಎಂಬ ಅನುಮಾನದಿಂದ ಅನೇಕರು ಔಷಧಿ ಅಂಗಡಿಯ ಜೀವಸತ್ವದ ಗುಳಿಗೆಗಳನ್ನು ನುಂಗುತ್ತಾರೆ. ವಯಸ್ಸಾದವರಿಗೆ ಗುಳಿಗೆ ಗಂಟಲಲ್ಲಿ ಇಳಿಯುವುದಿಲ್ಲ. ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಹಾಗಾದರೆ ಗುಳಿಗೆಯ ಬದಲು ಕುಡಿಯುವ ಪದಾರ್ಥಗಳಿಂದ ಜೀವಸತ್ವ ಪಡೆಯಬಹುದೇ? ಕೆಲವನ್ನು ಖಂಡಿತ ಪಡೆಯಬಹುದು. ಕೆಲವನ್ನು ಸಾಧ್ಯವೇ ಇಲ್ಲ. ಈ ವ್ಯತ್ಯಾಸ ತಿಳಿಯದೆ ಗುಳಿಗೆ ಬಿಡುವುದು ಅಪಾಯಕಾರಿ.

ಮೊದಲು ಅನ್ನದ ವಿಚಾರ. 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟವಿದೆ. ಜೀವಸತ್ವ ಬಹಳ ಕಡಿಮೆ, ಏಕೆಂದರೆ ಬಿ-1 ಇರುವುದು ತೌಡಿನಲ್ಲಿ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಐಕ್‌ಮನ್, ಪಾಲಿಶ್ ಮಾಡಿದ ಅಕ್ಕಿಯನ್ನೇ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ, ತೌಡು ಹೋಗದ ಅಕ್ಕಿ ಕೊಟ್ಟರೆ ಚೇತರಿಸಿಕೊಳ್ಳುವುದನ್ನೂ ಕಂಡರು. ಆ ಕೆಲಸಕ್ಕೆ 1929ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಆದ್ದರಿಂದ ಬಿಳಿ ಅನ್ನ ಬಿಟ್ಟವರಿಗೆ ಜೀವಸತ್ವದ ದೃಷ್ಟಿಯಿಂದ ದೊಡ್ಡ ನಷ್ಟವಿಲ್ಲ. ರಾಗಿ ಮುದ್ದೆ ಬಿಟ್ಟವರ ನಷ್ಟವೇ ಹೆಚ್ಚು: 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೇಲ್ಪಟ್ಟು ಸುಣ್ಣದಂಶವಿದೆ. ಅನ್ನದ ಜೊತೆಗೆ ಹಣ್ಣು, ಬೇಳೆಗಳನ್ನೂ ಹೆದರಿ ಬಿಡುವವರಿಗೆ ಸಿ ಜೀವಸತ್ವ, ಫೋಲಿಕ್ ಆಮ್ಲ, ಬಿ-1 ಮೂರೂ ಕಡಿಮೆ ಬೀಳುತ್ತವೆ.

ಅಂಗಡಿಯಲ್ಲಿ ಸಿಗುವ ಕುಡಿಯುವ ಪದಾರ್ಥಗಳು ಈ ಊಟಕ್ಕೆ ಹೆಚ್ಚಾಗಿ ಹೊಂದುವುದಿಲ್ಲ. ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳಲ್ಲಿ ಸಕ್ಕರೆ ಮತ್ತು ಪಿಷ್ಟವೇ ಬಹುಪಾಲು. ಅನ್ನ ಬಿಟ್ಟು ಇವನ್ನು ಕುಡಿದರೆ ಬಾಗಿಲಲ್ಲಿ ಕಳಿಸಿದ್ದನ್ನು ಕಿಟಕಿಯಿಂದ ಕರೆದ ಹಾಗೆ. ಟಾನಿಕ್‌ಗಳಲ್ಲಿಯೂ ಸಾಮಾನ್ಯವಾಗಿ ಸಕ್ಕರೆ ಪಾಕವಿರುತ್ತದೆ. ನೀರಿಗೆ ಹಾಕಿದರೆ ನೊರೆಯೇಳುವ ಬಿಲ್ಲೆಗಳಲ್ಲಿ ಸಕ್ಕರೆ ಇಲ್ಲದಿರಬಹುದು; ಆದರೆ ಆ ನೊರೆ ಬರುವುದು ಸೋಡಾದಿಂದ, ಸೋಡಾದ ಜೊತೆ ಸೋಡಿಯಂ ಬರುತ್ತದೆ. ರಕ್ತದ ಒತ್ತಡವಿರುವವರು ಇದನ್ನು ಗಮನಿಸಬೇಕು.

ಮಲೆನಾಡಿನ ಅಡುಗೆಮನೆಯಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಹಿಂದಿನಿಂದಲೂ ಇದೆ. ಅದು ತಂಬುಳಿ. ಸೊಪ್ಪನ್ನು ಜೀರಿಗೆ, ಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿಯೊಂದಿಗೆ ರುಬ್ಬಿ, ಮಜ್ಜಿಗೆಗೆ ಬೆರೆಸಿ ಒಗ್ಗರಣೆ ಕೊಡುವ ಈ ಪದಾರ್ಥವನ್ನು ಅನ್ನಕ್ಕೆ ಕಲಸಿಕೊಳ್ಳುವುದು ವಾಡಿಕೆ. ಅನ್ನ ಕಡಿಮೆ ಮಾಡಿದವರು ಇದನ್ನೇ ತುಸು ತೆಳ್ಳಗೆ ಮಾಡಿ ಲೋಟದಲ್ಲಿ ಕುಡಿಯಬಹುದು. ಸೊಪ್ಪಿನಲ್ಲಿ ಎ ಜೀವಸತ್ವದ ಮೂಲವಾದ ಕ್ಯಾರೊಟಿನ್ ಇದೆ, ಅದು ಜಿಡ್ಡಿಲ್ಲದೆ ಮೈಗೆ ಹತ್ತುವುದಿಲ್ಲ. ತುಪ್ಪ, ತೆಂಗು ಆ ಕೆಲಸ ಮಾಡುತ್ತವೆ. ಮಜ್ಜಿಗೆಯಿಂದ ಸುಣ್ಣದಂಶ ದೊರೆಯುತ್ತದೆ. ಬೆರೆಸಿದ ಮೇಲೆ ಕುದಿಸುವುದಿಲ್ಲವಾದ್ದರಿಂದ ಶಾಖಕ್ಕೆ ನಾಶವಾಗುವ ಸಿ ಜೀವಸತ್ವ ಸ್ವಲ್ಪವಾದರೂ ಉಳಿಯುತ್ತದೆ. ಒಂದೆಲಗವನ್ನು ಹಸಿಯಾಗಿಯೇ ರುಬ್ಬುವುದರಿಂದ ಅದರಲ್ಲಿ ಇನ್ನೂ ಲಾಭ. (ಒಂದೆಲಗದಿಂದ ಬುದ್ಧಿ ಬೆಳೆಯುತ್ತದೆಯೇ ಎಂಬ ಚರ್ಚೆ ಇಲ್ಲಿ ಬೇಡ, ಅದು ಒಳ್ಳೆಯ ಸೊಪ್ಪು ಎಂಬಷ್ಟೇ ಸಾಕು.)

ಸತ್ವದಲ್ಲಿ ಎಲ್ಲಕ್ಕೂ ಮೇಲು ನುಗ್ಗೆ ಸೊಪ್ಪು. 100 ಗ್ರಾಂ ಹಸಿ ಎಲೆಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶ, ಧಾರಾಳವಾಗಿ ಕ್ಯಾರೊಟಿನ್ ಇವೆ. ಮನೆಗೆ ಎರಡು ಗಿಡ ಸಾಕು. ಪೆರಿಯಕುಲಂನ ಪಿಕೆಎಂ-1 ತಳಿಯ ಬೀಜವನ್ನು 45 ಸೆಂಟಿಮೀಟರ್ ಘನದ ಗುಂಡಿಯಲ್ಲಿ, ಮಳೆನೀರು ನಿಲ್ಲದಂತೆ ಮಣ್ಣು ಏರಿಸಿ ಹಾಕಬೇಕು; ಮಲೆನಾಡಿನ ಮಳೆಯಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಗಿಡ 75 ಸೆಂಟಿಮೀಟರ್ ಬೆಳೆದಾಗ ತುದಿ ಚಿವುಟಿದರೆ ರೆಂಬೆಯೊಡೆದು ಕೈಗೆ ಎಟಕುವ ಎತ್ತರದಲ್ಲಿಯೇ ಸೊಪ್ಪು ಸಿಗುತ್ತದೆ. ಹೆಚ್ಚಾದ ಸೊಪ್ಪನ್ನು ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿಟ್ಟು, ಮಜ್ಜಿಗೆಗೆ ಒಂದು ಚಮಚ ಬೆರೆಸಬಹುದು.

ಸಿ ಜೀವಸತ್ವದ ಗುಳಿಗೆಗೆ ನೆಲ್ಲಿಕಾಯಿ ನೇರ ಬದಲಿ. ವಯಸ್ಕ ಗಂಡಸಿಗೆ ದಿನಕ್ಕೆ 80, ಹೆಂಗಸಿಗೆ 65 ಮಿಲಿಗ್ರಾಂ ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುತ್ತದೆ. ಒಂದು ದೊಡ್ಡ ನೆಲ್ಲಿಕಾಯಿ ಇಷ್ಟನ್ನು ಒದಗಿಸುತ್ತದೆ. ಬೀಜ ತೆಗೆದು ರುಬ್ಬಿ, ನೀರು, ಚಿಟಿಕೆ ಉಪ್ಪು ಬೆರೆಸಿ ಕೂಡಲೇ ಕುಡಿಯಬೇಕು. ಸಕ್ಕರೆ, ಬೆಲ್ಲ, ಜೇನುತುಪ್ಪ ಸೇರಿಸಬಾರದು. ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಇಡಬಾರದು: ತಾಮ್ರ ತಗುಲಿದರೆ ಸಿ ಜೀವಸತ್ವ ಬೇಗ ಕೆಡುತ್ತದೆ. ಬಿ-1ಕ್ಕೆ ಹುರುಳಿ ಕಟ್ಟು ಒಂದು ದಾರಿ. ಇದು ನೀರಿನಲ್ಲಿ ಕರಗುವ ಜೀವಸತ್ವವಾದ್ದರಿಂದ ಬೇಯಿಸಿದ ನೀರಿಗೆ ಸ್ವಲ್ಪಾಂಶ ಇಳಿಯುತ್ತದೆ, ಪಿಷ್ಟದ ಬಹುಭಾಗ ಕಾಳಿನಲ್ಲಿಯೇ ಉಳಿಯುತ್ತದೆ.

ಸೊಪ್ಪು ಎಲ್ಲಿಂದ ಕೊಯ್ದರೆಂಬುದೂ ಮುಖ್ಯ. ಒಂದೆಲಗ ಹುಲುಸಾಗಿ ಬರುವುದು ಅಡಿಕೆ ತೋಟದ ತೇವದ ನೆಲದಲ್ಲಿ. ಆದರೆ ಕೊಳೆರೋಗಕ್ಕೆ ಮಳೆಗಾಲದ ಆರಂಭದಲ್ಲಿ ಒಮ್ಮೆ, 40-45 ದಿನಗಳ ನಂತರ ಮತ್ತೊಮ್ಮೆ ಹೊಡೆಯುವ ಶೇಕಡ 1ರ ಬೋರ್ಡೋ ದ್ರಾವಣ ಗೊನೆಯಿಂದ ತೊಟ್ಟಿಕ್ಕಿ ಬೀಳುವುದು ಈ ಸೊಪ್ಪಿನ ಮೇಲೆಯೇ. ಕಳೆನಾಶಕ ಬಳಸಿದ ಗದ್ದೆ ಬದುವಿನ ಸೊಪ್ಪೂ, ಊರ ಚರಂಡಿ ಸೇರುವ ಕಾಲುವೆಯ ಅಂಚಿನ ಸೊಪ್ಪೂ ಬೇಡ. ಬಾವಿಕಟ್ಟೆಯ ಹತ್ತಿರ ಒಂದು ಮಡಿಯಲ್ಲಿ ಬೇರೆಯಾಗಿ ಬೆಳೆಸುವುದೇ ಮೇಲು.

ಸೋರೆಕಾಯಿ ರಸ ಕುಡಿಯುವ ರೂಢಿಯೂ ಬಂದಿದೆ. ಕಹಿಯಾದ ಸೋರೆಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷವಿರುತ್ತದೆ. 2010ರಲ್ಲಿ ದೆಹಲಿಯಲ್ಲಿ ಒಬ್ಬ ವಿಜ್ಞಾನಿಯೇ ಇಂಥ ರಸ ಕುಡಿದು ತೀರಿಕೊಂಡರು. ಚೂರು ಕತ್ತರಿಸಿ ರುಚಿ ನೋಡಬೇಕು. ಕಹಿಯಿದ್ದರೆ ಕಾಯನ್ನೇ ಎಸೆಯಬೇಕು, ಔಷಧಿಯೆಂದು ಕಣ್ಣುಮುಚ್ಚಿ ಕುಡಿಯಬಾರದು.

ಇನ್ನು ಲೋಟ ಮಾಡಲಾರದ ಕೆಲಸ. ಬಿ-12 ಜೀವಸತ್ವ ಯಾವ ಸೊಪ್ಪಿನಲ್ಲಿಯೂ, ಯಾವ ಕಾಯಿಯಲ್ಲಿಯೂ ನೆಚ್ಚುವಷ್ಟು ಸಿಗದು. ಮೊಟ್ಟೆ, ಮೀನು, ಮಾಂಸ ಮತ್ತು ಹಾಲು ಮೊಸರಿನಲ್ಲಿದೆ. ಸಕ್ಕರೆ ಕಾಯಿಲೆಗೆ ಬಹುವರ್ಷ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ-12 ಹೀರಿಕೆ ತಗ್ಗುತ್ತದೆ. ಸಸ್ಯಾಹಾರಿಗಳಾಗಿ ಈ ಔಷಧಿ ತೆಗೆದುಕೊಳ್ಳುವವರಿಗೆ ಬರಿಯ ಮಜ್ಜಿಗೆ ಸಾಲದೆ ಹೋಗಬಹುದು. ಅಂಗಾಲು ಜುಮ್ಮೆನ್ನುವುದು, ನಡಿಗೆ ತಪ್ಪುವುದು, ಸುಸ್ತು ಕಂಡರೆ ವಯಸ್ಸಿನ ಮೇಲೆ ಹಾಕದೆ ರಕ್ತಪರೀಕ್ಷೆ ಮಾಡಿಸಬೇಕು. ತಡವಾದರೆ ನರಗಳಿಗಾದ ಹಾನಿ ಪೂರ್ತಿ ಸರಿಹೋಗದು. ಡಿ ಜೀವಸತ್ವವೂ ತಂಬುಳಿಯಲ್ಲಿಲ್ಲ, ಅದು ಮುಖ್ಯವಾಗಿ ಬಿಸಿಲಿನಿಂದ ಬರತಕ್ಕದ್ದು. ಬಸುರಿಯರು ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆ ಬಿಡಲೇಬಾರದು, ತಾವಾಗಿ ಊಟದ ಪಿಷ್ಟ ಇಳಿಸಲೂ ಬಾರದು. ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು ಮತ್ತು ಮೂತ್ರಪಿಂಡದ ತೊಂದರೆಯಿರುವವರು ಸೊಪ್ಪಿನ ರಸ ಆರಂಭಿಸುವ ಮುನ್ನ ವೈದ್ಯರನ್ನು ಕೇಳಬೇಕು.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಅನ್ನ ಇಳಿಸಿದ್ದನ್ನು ವೈದ್ಯರಿಗೆ ಅಂದೇ ತಿಳಿಸತಕ್ಕದ್ದು. ಊಟ ಕಡಿಮೆಯಾಗಿ ಔಷಧಿ ಮೊದಲಿನಷ್ಟೇ ಇದ್ದರೆ, ಗದ್ದೆಯಲ್ಲಿ ದುಡಿಯುತ್ತಿರುವಾಗಲೇ ಬೆವರು, ನಡುಕ ಬಂದು ಕಣ್ಣು ಕತ್ತಲಿಡಬಹುದು. ಅಂಥವರ ಜೇಬಿನಲ್ಲಿ ಸದಾ ನಾಲ್ಕು ಚಮಚ ಸಕ್ಕರೆಯ ಪೊಟ್ಟಣವಿರಲಿ.