ಕಿಮೋ ನಂತರ ಮನೆಯಲ್ಲಿ: ಜ್ವರ ಬಂದರೆ ಕಾಯುವಂತಿಲ್ಲ

ಸಾಗರ: ಸಾಗರ, ಹೊಸನಗರ ಹಾಗೂ ತೀರ್ಥಹಳ್ಳಿ ತಾಲೂಕುಗಳ ಕ್ಯಾನ್ಸರ್ ರೋಗಿಗಳು ಚಿಕಿತ್ಸೆಗಾಗಿ ಶಿವಮೊಗ್ಗ, ಮಣಿಪಾಲ ಅಥವಾ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಿಬರುತ್ತಾರೆ. ಕಿಮೋಥೆರಪಿ ಮುಗಿಸಿ ಊರಿಗೆ ಮರಳಿದ ಮೇಲೆ ಅದರ ಅಡ್ಡ ಪರಿಣಾಮಗಳನ್ನು ಎದುರಿಸಬೇಕಾದುದು ಮನೆಯಲ್ಲೇ. ಇವುಗಳಲ್ಲಿ ಹಲವನ್ನು ಮನೆಯವರೇ ನಿಭಾಯಿಸಬಹುದು. ಜ್ವರವನ್ನು ಮಾತ್ರ ಹಾಗೆ ನಿಭಾಯಿಸಲು ಹೋಗಬಾರದು.

ಜ್ವರ ಏಕೆ ಅಪಾಯಕಾರಿ?

ಕಿಮೋಥೆರಪಿ ಔಷಧವು ವೇಗವಾಗಿ ವಿಭಜನೆಗೊಳ್ಳುವ ಜೀವಕೋಶಗಳನ್ನು ನಾಶಪಡಿಸುತ್ತದೆ. ಕ್ಯಾನ್ಸರ್ ಕೋಶಗಳೊಂದಿಗೆ ಬಾಯಿಯ ಒಳಪದರ, ಕೂದಲಿನ ಬುಡ ಮತ್ತು ರಕ್ತಕಣಗಳು ಹುಟ್ಟುವ ಅಸ್ಥಿಮಜ್ಜೆಗೂ ಪೆಟ್ಟು ಬೀಳುತ್ತದೆ. ಸಾಮಾನ್ಯವಾಗಿ ಔಷಧ ಪಡೆದ 7ರಿಂದ 14 ದಿನಗಳ ಅವಧಿಯಲ್ಲಿ ಬಿಳಿ ರಕ್ತಕಣಗಳು ತೀರಾ ಕಡಿಮೆಯಾಗುತ್ತವೆ. ಆಗ ತಗಲುವ ಸೋಂಕು ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಎರವಾಗಬಹುದು.

ಮಲೆನಾಡಿಗೆ ಜ್ವರ ಹೊಸತಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ 2019ರಲ್ಲಿ ಸಾಗರ ತಾಲೂಕಿನ ಅರಲಗೋಡು ಭಾಗದಲ್ಲಿ ಜೀವಗಳನ್ನು ಬಲಿ ಪಡೆದಿತ್ತು. ಆದರೂ ಮಾತ್ರೆ ನುಂಗಿ ಎರಡು ದಿನ ನೋಡುವ ರೂಢಿ ಉಳಿದಿದೆ. ಕಿಮೋ ಪಡೆದವರಿಗೆ ಈ ರೂಢಿ ಸಲ್ಲದು. ಮನೆಯಲ್ಲಿ ಥರ್ಮಾಮೀಟರ್ ಇರಲೇಬೇಕು. ಉಷ್ಣಾಂಶ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅಥವಾ ಚಳಿ ನಡುಕ ಬಂದರೆ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ಪ್ಯಾರಾಸಿಟಮಾಲ್ ಜ್ವರವನ್ನು ಮರೆಮಾಚುತ್ತದೆಯೇ ಹೊರತು ಸೋಂಕನ್ನು ತಡೆಯುವುದಿಲ್ಲ. ಹತ್ತಿರದ ಆಸ್ಪತ್ರೆಗೆ ಹೋದಾಗ ಕಿಮೋ ಪಡೆದ ದಿನಾಂಕವನ್ನು ಮೊದಲೇ ತಿಳಿಸಿ, ಚಿಕಿತ್ಸಾ ಕಡತವನ್ನು ತೋರಿಸಬೇಕು.

ಮನೆಯಲ್ಲಿ ಮಾಡಬಹುದಾದುದು

ವಾಕರಿಕೆ: ವೈದ್ಯರು ಕೊಟ್ಟ ವಾಂತಿ ನಿರೋಧಕ ಮಾತ್ರೆಯನ್ನು ಹೇಳಿದ ಹೊತ್ತಿಗೇ ಸೇವಿಸಬೇಕು, ವಾಂತಿಯಾಗುವವರೆಗೆ ಕಾಯಬಾರದು. ಮೂರು ಹೊತ್ತಿನ ಊಟದ ಬದಲು ಗಂಜಿ, ಇಡ್ಲಿಯಂತಹ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಐದಾರು ಬಾರಿ ಕೊಡಬಹುದು. ಒಗ್ಗರಣೆಯ ವಾಸನೆ ತಟ್ಟದಂತೆ ನೋಡಿಕೊಳ್ಳಬೇಕು.

ಬಾಯಿಹುಣ್ಣು: ಒಂದು ಲೋಟ ಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಅದರ ಅರ್ಧದಷ್ಟು ಉಪ್ಪು ಬೆರೆಸಿ ದಿನಕ್ಕೆ ಹಲವು ಬಾರಿ ಬಾಯಿ ಮುಕ್ಕಳಿಸಬೇಕು. ಮೃದುವಾದ ಬ್ರಷ್ ಬಳಸಬೇಕು. ಖಾರ, ಹುಳಿ ಬೇಡ. ಎಲೆಅಡಿಕೆ, ತಂಬಾಕು ಸಂಪೂರ್ಣ ವರ್ಜ್ಯ.

ಸೋಂಕು: ಕುದಿಸಿದ ನೀರು, ಆಗತಾನೇ ಬೇಯಿಸಿದ ಆಹಾರ ಕೊಡಬೇಕು. ಕೊಟ್ಟಿಗೆ, ಗೊಬ್ಬರದ ಕೆಲಸದಿಂದ ರೋಗಿ ದೂರವಿರಬೇಕು. ಮಳೆಗಾಲದಲ್ಲಿ ತೋಟಕ್ಕಿಳಿದರೆ ಇಂಬಳ ಕಚ್ಚುತ್ತದೆ. ಕಿರುತಟ್ಟೆ ಕಣಗಳೂ ಕಡಿಮೆಯಿರುವಾಗ ಅಂತಹ ಗಾಯದ ರಕ್ತ ಬೇಗ ನಿಲ್ಲದು.

ಆಯಾಸ: ಸದಾ ಮಲಗಿದರೆ ಸುಸ್ತು ಹೆಚ್ಚುತ್ತದೆ. ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು ವಿಶ್ರಮಿಸುವುದು ಒಳ್ಳೆಯದು.

ನಾಟಿ ಔಷಧದ ವಿಚಾರ

ಆನಂದಪುರ ಸಮೀಪದ ನರಸೀಪುರದ ವೈದ್ಯ ನಾರಾಯಣಮೂರ್ತಿ ಅವರು 2020ರಲ್ಲಿ ನಿಧನರಾಗುವವರೆಗೆ ಅವರ ಬಳಿಗೆ ದೇಶದ ನಾನಾ ಕಡೆಗಳಿಂದ ಕ್ಯಾನ್ಸರ್ ರೋಗಿಗಳು ಬರುತ್ತಿದ್ದರು. ಇಂತಹ ನಾಡಿನಲ್ಲಿ ಗಿಡಮೂಲಿಕೆಯ ನಂಬಿಕೆ ಆಳವಾಗಿರುವುದು ಸಹಜ. ಆದರೆ ಕೆಲವು ಮೂಲಿಕೆಗಳು ಕಿಮೋ ಔಷಧದ ಪರಿಣಾಮವನ್ನು ಏರುಪೇರು ಮಾಡಬಲ್ಲವು. ಕಷಾಯ ಸೇವಿಸುತ್ತಿದ್ದರೆ ಅದನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸಬೇಕು. ಅಡ್ಡ ಪರಿಣಾಮಕ್ಕೆ ಹೆದರಿ ಚಿಕಿತ್ಸೆಯನ್ನು ಅರ್ಧಕ್ಕೇ ನಿಲ್ಲಿಸಬಾರದು.

ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಗುಡ್ಡ ಕುಸಿದು ಮಣಿಪಾಲದ ದಾರಿ ಕಟ್ಟಿದ ಉದಾಹರಣೆಗಳಿವೆ. ಆದ್ದರಿಂದ ಆಸ್ಪತ್ರೆಯ ದೂರವಾಣಿ ಸಂಖ್ಯೆ, ರಾತ್ರಿ ಬರಬಲ್ಲ ವಾಹನದವರ ಸಂಖ್ಯೆ ಮತ್ತು 108ನ್ನು ಬರೆದು ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಿಡುವುದು ಲೇಸು.