ಹಳ್ಳಿಗಳಲ್ಲಿ ವಿದ್ಯುತ್ ವಾಹನ ಚಾರ್ಜಿಂಗ್ ಕೇಂದ್ರ: ಸರ್ಕಾರದ ನೆರವು ಮತ್ತು ಗ್ರಾಮದ ಸಿದ್ಧತೆ

ಬೆಳೆ ಬೆಳೆದರಷ್ಟೇ ಸಾಲದು. ಅದನ್ನು ಪೇಟೆಗೆ ಮುಟ್ಟಿಸಿದಾಗಲೇ ರೈತನ ಕೈಗೆ ಹಣ ಬರುವುದು. ತರಕಾರಿ, ಹೂವು, ಹಾಲು, ರೇಷ್ಮೆಗೂಡು ಇವೆಲ್ಲವೂ ತಡವಿಲ್ಲದೆ ಸಾಗಬೇಕಾದ ಪದಾರ್ಥಗಳು. ಇವುಗಳ ಸಾಗಾಣಿಕೆಯಲ್ಲಿ ಡೀಸೆಲ್ ಮತ್ತು ಪೆಟ್ರೋಲಿನ ಖರ್ಚು ದೊಡ್ಡ ಪಾಲನ್ನು ತೆಗೆದುಕೊಳ್ಳುತ್ತದೆ. ಆದುದರಿಂದ ಬ್ಯಾಟರಿಯಿಂದ ಓಡುವ ಸ್ಕೂಟರುಗಳೂ ಮೂರು ಚಕ್ರದ ಸರಕು ಗಾಡಿಗಳೂ ಹಳ್ಳಿಗಳ ಕಡೆಗೂ ಬರತೊಡಗಿವೆ. ಆದರೆ ದಾರಿಯಲ್ಲಿ ಬ್ಯಾಟರಿ ಖಾಲಿಯಾದರೆ ಮುಂದೇನು ಎಂಬ ಭಯದಿಂದ ಅನೇಕ ರೈತರು ಇಂತಹ ವಾಹನಗಳನ್ನು ಕೊಳ್ಳಲು ಹಿಂಜರಿಯುತ್ತಾರೆ.

ಈ ಭಯ ನಿವಾರಣೆಯಾಗಬೇಕಾದರೆ ಹೋಬಳಿ ಮಟ್ಟದಲ್ಲಾದರೂ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿರಬೇಕು. ಇದಕ್ಕಾಗಿ ಸರ್ಕಾರದ ಹಣವಿದೆ. ಆದರೆ ಎಂತಹ ಚಾರ್ಜರ್, ಯಾವ ಮಾರ್ಗದಿಂದ ಸಂಪರ್ಕ, ಯಾವ ಸ್ಥಳ ಎಂಬುದನ್ನು ವಿಚಾರ ಮಾಡದೆ ಹಣವನ್ನು ಮಾತ್ರ ಕೇಳಿದರೆ, ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುವ ಸಂಭವವೂ ಉಂಟು, ಯಂತ್ರ ತುಕ್ಕು ಹಿಡಿಯುವ ಸಂಭವವೂ ಉಂಟು.

ಹಣ ಇದುವರೆಗೆ ಹರಿದ ದಾರಿ

ಕೇಂದ್ರ ಸರ್ಕಾರವು 2015 ರಲ್ಲಿ ‘ಫೇಮ್’ ಎಂಬ ಯೋಜನೆಯ ಮೂಲಕ ವಿದ್ಯುತ್ ವಾಹನಗಳಿಗೆ ಪ್ರೋತ್ಸಾಹ ನೀಡಲಾರಂಭಿಸಿತು. ಇದರ ಎರಡನೆಯ ಹಂತವು 2019 ರ ಏಪ್ರಿಲ್‌ನಲ್ಲಿ 10,000 ಕೋಟಿ ರೂಪಾಯಿಗಳ ಮೊತ್ತದೊಂದಿಗೆ ಜಾರಿಗೆ ಬಂತು. ಇದರಡಿ 68 ನಗರಗಳಲ್ಲಿ 2,877 ಚಾರ್ಜಿಂಗ್ ಕೇಂದ್ರಗಳಿಗೆ ಮಂಜೂರಾತಿ ನೀಡಲಾಯಿತು. ಹೆದ್ದಾರಿಗಳಿಗೆ ಬೇರೆಯಾಗಿ 1,576 ಕೇಂದ್ರಗಳು ಮಂಜೂರಾದವು. 2023 ರಲ್ಲಿ ಸಾರ್ವಜನಿಕ ಕ್ಷೇತ್ರದ ಮೂರು ತೈಲ ಕಂಪನಿಗಳ ಬಂಕ್‌ಗಳಲ್ಲಿ 7,432 ವೇಗದ ಚಾರ್ಜಿಂಗ್ ಕೇಂದ್ರಗಳಿಗಾಗಿ 800 ಕೋಟಿ ರೂಪಾಯಿ ಮಂಜೂರಾಯಿತು. ನಗರ, ಹೆದ್ದಾರಿ, ಪೆಟ್ರೋಲ್ ಬಂಕ್ ಇವೇ ಆದ್ಯತೆಯ ಸ್ಥಳಗಳಾಗಿದ್ದುದನ್ನು ಇಲ್ಲಿ ಗಮನಿಸಬಹುದು.

ಕರ್ನಾಟಕವು 2017 ರಲ್ಲಿ ದೇಶದಲ್ಲೇ ಮೊದಲನೆಯದಾಗಿ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿದ ರಾಜ್ಯ. ಚಾರ್ಜಿಂಗ್ ವ್ಯವಸ್ಥೆಗೆ ಬೆಸ್ಕಾಂ ಸಂಸ್ಥೆಯನ್ನು ರಾಜ್ಯದ ನೋಡಲ್ ಸಂಸ್ಥೆಯನ್ನಾಗಿ ನೇಮಿಸಲಾಗಿದೆ. 2024 ರ ಆರಂಭದಲ್ಲಿ ರಾಜ್ಯದಲ್ಲಿದ್ದ 5,059 ಸಾರ್ವಜನಿಕ ಕೇಂದ್ರಗಳ ಪೈಕಿ 4,281 ಕೇಂದ್ರಗಳು ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ ಇದ್ದವು. ಅಂದರೆ ಶೇಕಡ 85 ರಷ್ಟು ಒಂದೇ ಜಿಲ್ಲೆಗೆ, ಉಳಿದ ಶೇಕಡ 15 ರಷ್ಟು ಮಿಕ್ಕೆಲ್ಲ ಜಿಲ್ಲೆಗಳಿಗೆ. ವಾಹನ ಹೆಚ್ಚಿರುವಲ್ಲಿ ಕೇಂದ್ರಗಳು ಹೆಚ್ಚುವುದು ಸಹಜ. ಆದರೆ ಕೇಂದ್ರವಿಲ್ಲದ ಕಡೆ ವಾಹನ ಹೆಚ್ಚುವುದು ಕಷ್ಟ ಎಂಬುದೂ ಅಷ್ಟೇ ನಿಜ. ಸಾರ್ವಜನಿಕ ಹಣದ ಅವಶ್ಯಕತೆ ಇರುವುದು ಈ ತೊಡಕನ್ನು ಬಿಡಿಸುವುದಕ್ಕಾಗಿಯೇ.

ಪಿ.ಎಂ. ಇ-ಡ್ರೈವ್ ಯೋಜನೆಯ ನೆರವು

ಫೇಮ್ ಯೋಜನೆಯ ಎರಡನೆಯ ಹಂತವು 2024 ರ ಮಾರ್ಚ್ 31 ಕ್ಕೆ ಮುಗಿಯಿತು. ಅದೇ ವರ್ಷ ಅಕ್ಟೋಬರ್ 1 ರಿಂದ ‘ಪಿ.ಎಂ. ಇ-ಡ್ರೈವ್’ ಯೋಜನೆ ಆರಂಭವಾಯಿತು. ಇದರ ಒಟ್ಟು ಮೊತ್ತ 10,900 ಕೋಟಿ ರೂಪಾಯಿ. ಇದರಲ್ಲಿ 2,000 ಕೋಟಿ ರೂಪಾಯಿಗಳನ್ನು ಚಾರ್ಜಿಂಗ್ ಕೇಂದ್ರಗಳಿಗೆ ಮೀಸಲಿಡಲಾಗಿದೆ. ಯೋಜನೆಯ ಗುರಿಯಲ್ಲಿ ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ 48,400, ಕಾರುಗಳಿಗೆ 22,100 ಮತ್ತು ಬಸ್ಸುಗಳಿಗೆ 1,800 ಚಾರ್ಜರುಗಳು ಸೇರಿವೆ. ಚಾರ್ಜಿಂಗ್ ಕೇಂದ್ರಗಳ ಭಾಗದ ಅವಧಿಯನ್ನು 2028 ರ ಮಾರ್ಚ್ 31 ರವರೆಗೆ ವಿಸ್ತರಿಸಲಾಗಿದೆ.

ಒಂದು ಕೇಂದ್ರದ ವೆಚ್ಚದಲ್ಲಿ ಎರಡು ಭಾಗಗಳಿವೆ. ಟ್ರಾನ್ಸ್‌ಫಾರ್ಮರ್, ತಂತಿ ಮಾರ್ಗ, ಸ್ವಿಚ್ಚು ಮುಂತಾದ ವಿದ್ಯುತ್ ಪೂರೈಕೆ ವ್ಯವಸ್ಥೆ ಒಂದು. ಚಾರ್ಜರ್ ಯಂತ್ರ ಇನ್ನೊಂದು. 2025 ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಮಾರ್ಗಸೂಚಿಯ ಪ್ರಕಾರ ನೆರವಿನ ಪ್ರಮಾಣ ಹೀಗಿದೆ:

1. ಸರ್ಕಾರಿ ಕಛೇರಿ, ಆಸ್ಪತ್ರೆ, ಶಿಕ್ಷಣ ಸಂಸ್ಥೆಗಳ ಆವರಣ: ಎರಡೂ ಭಾಗಗಳಿಗೆ ಶೇಕಡ 100. ಆದರೆ ಸಾರ್ವಜನಿಕರಿಗೆ ಅಡೆತಡೆಯಿಲ್ಲದ ಪ್ರವೇಶವಿರಬೇಕು.
2. ಬಸ್ ನಿಲ್ದಾಣ, ರೈಲು ನಿಲ್ದಾಣ, ಸಾರ್ವಜನಿಕ ಕ್ಷೇತ್ರದ ತೈಲ ಕಂಪನಿಗಳ ಬಂಕ್ ಮುಂತಾದವು: ಪೂರೈಕೆ ವ್ಯವಸ್ಥೆಗೆ ಶೇಕಡ 80, ಯಂತ್ರಕ್ಕೆ ಶೇಕಡ 70.
3. ಮಾರುಕಟ್ಟೆ, ಬೀದಿ ಮುಂತಾದ ಇತರ ಸ್ಥಳಗಳು: ಪೂರೈಕೆ ವ್ಯವಸ್ಥೆಗೆ ಮಾತ್ರ ಶೇಕಡ 80.

ಈ ನೆರವಿಗೆ ರೈತರು ಬಿಡಿಬಿಡಿಯಾಗಿ ಅರ್ಜಿ ಹಾಕುವಂತಿಲ್ಲ. ಸರ್ಕಾರದ ಇಲಾಖೆಗಳು ಮತ್ತು ಸಂಸ್ಥೆಗಳಿಂದ ಬೇಡಿಕೆಗಳನ್ನು ಒಟ್ಟುಗೂಡಿಸಿ ಪ್ರಸ್ತಾವನೆ ಕಳುಹಿಸಬೇಕಾಗುತ್ತದೆ. ಆದ್ಯತೆಯ ಪಟ್ಟಿಯಲ್ಲಿ ದೊಡ್ಡ ನಗರಗಳು, ಸ್ಮಾರ್ಟ್ ಸಿಟಿಗಳು, ರಾಜಧಾನಿಗಳು ಮತ್ತು ವಾಹನ ಸಂಚಾರ ಹೆಚ್ಚಿರುವ ಹೆದ್ದಾರಿಗಳಿವೆ. ಹಳ್ಳಿಯ ಹೆಸರು ತಾನಾಗಿ ಆ ಪಟ್ಟಿಗೆ ಸೇರುವುದಿಲ್ಲ. ಕೆಳಗಿನಿಂದ ಬೇಡಿಕೆ ಹೋದರೆ ಮಾತ್ರ ಪರಿಶೀಲನೆಗೆ ಅವಕಾಶ.

ಅಶ್ವಶಕ್ತಿಯ ಲೆಕ್ಕದಲ್ಲಿ ಚಾರ್ಜರ್

ಪಂಪ್‌ಸೆಟ್ ಬಲ್ಲ ರೈತರಿಗೆ ಚಾರ್ಜರಿನ ಶಕ್ತಿಯನ್ನು ತಿಳಿಯುವುದು ಕಷ್ಟವಲ್ಲ. 5 ಅಶ್ವಶಕ್ತಿಯ ಪಂಪು ಸುಮಾರು 3.7 ಕಿಲೋವ್ಯಾಟಿಗೆ ಸಮ. ಸ್ಕೂಟರು ಮತ್ತು ಮೂರು ಚಕ್ರದ ಗಾಡಿಗಳಿಗೆ ಬಳಸುವ ಸಾಮಾನ್ಯ ಚಾರ್ಜಿಂಗ್ ಬಿಂದುವಿನ ಶಕ್ತಿ 3.3 ಕಿಲೋವ್ಯಾಟ್. ಅಂದರೆ ಅದರ ಹೊರೆ ಒಂದು 5 ಅಶ್ವಶಕ್ತಿಯ ಪಂಪಿಗಿಂತ ಕಡಿಮೆ.

ಆದರೆ ಕಾರುಗಳಿಗೆ ಬಳಸುವ 60 ಕಿಲೋವ್ಯಾಟಿನ ವೇಗದ ಚಾರ್ಜರ್ 80 ಅಶ್ವಶಕ್ತಿಗೆ ಸಮ. 5 ಅಶ್ವಶಕ್ತಿಯ ಹದಿನಾರು ಪಂಪುಗಳನ್ನು ಒಟ್ಟಿಗೆ ಚಾಲೂ ಮಾಡಿದಂತೆ. ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕಾಣುವ ಟ್ರಾನ್ಸ್‌ಫಾರ್ಮರುಗಳು 25, 63 ಅಥವಾ 100 ಕೆ.ವಿ.ಎ. ಸಾಮರ್ಥ್ಯದವು. ಊರಿನ ದೀಪ, ಹಿಟ್ಟಿನ ಗಿರಣಿ, ಕುಡಿಯುವ ನೀರಿನ ಪಂಪು ಇವೆಲ್ಲ ಈಗಾಗಲೇ ಅವಲಂಬಿಸಿರುವ 63 ಕೆ.ವಿ.ಎ. ಟ್ರಾನ್ಸ್‌ಫಾರ್ಮರಿಗೆ ಇಂತಹ ಚಾರ್ಜರನ್ನು ಜೋಡಿಸಿದರೆ ಅದು ತಾಳಲಾರದು. ಸುಟ್ಟುಹೋದರೆ ಬದಲಾಯಿಸುವ ತನಕ ಊರಿಗೇ ಕತ್ತಲು, ಕುಡಿಯುವ ನೀರಿಗೂ ತೊಂದರೆ.

ಆದುದರಿಂದ ಹಳ್ಳಿಗೆ ಮೊದಲು ತಕ್ಕದ್ದು ಸಣ್ಣ ಚಾರ್ಜರುಗಳು. ಭಾರತೀಯ ಮಾನಕ ಸಂಸ್ಥೆಯು 2021 ರಲ್ಲಿ ಲಘು ವಾಹನಗಳಿಗಾಗಿ ಕಡಿಮೆ ಬೆಲೆಯ ಚಾರ್ಜಿಂಗ್ ಬಿಂದುವಿಗೆ ಮಾನಕವನ್ನು ರೂಪಿಸಿತು. 3 ಕಿಲೋವ್ಯಾಟ್ ವರೆಗಿನ ಈ ಸಾಧನದ ಬೆಲೆ 3,500 ರೂಪಾಯಿಗಳ ಒಳಗಿರಬೇಕೆಂಬುದು ಅಂದಿನ ಗುರಿ. ಯಾವ ಮಾದರಿಯ ಚಾರ್ಜರಿಗೆ ಸಹಾಯಧನ ದೊರೆಯುತ್ತದೆ ಎಂಬುದನ್ನು ಪ್ರಸ್ತಾವನೆಗೆ ಮೊದಲೇ ಬೆಸ್ಕಾಂನಿಂದ ಖಚಿತಪಡಿಸಿಕೊಳ್ಳಬೇಕು. ಹೆದ್ದಾರಿಯ ಪಕ್ಕದ ಊರುಗಳಲ್ಲಿ ವೇಗದ ಚಾರ್ಜರ್ ಬೇಕೆನಿಸಿದರೆ ಅದಕ್ಕೆ ಪ್ರತ್ಯೇಕ ಟ್ರಾನ್ಸ್‌ಫಾರ್ಮರನ್ನೇ ಕೇಳಬೇಕು. ಶೇಕಡ 80 ರಿಂದ 100 ರಷ್ಟು ನೆರವು ಇರುವುದು ಪೂರೈಕೆ ವ್ಯವಸ್ಥೆಗೇ ಎಂಬುದನ್ನು ಮರೆಯಬಾರದು.

ಯಾವ ಮಾರ್ಗದಿಂದ ಸಂಪರ್ಕ?

ಕರ್ನಾಟಕದಲ್ಲಿ ನಿರಂತರ ಜ್ಯೋತಿ ಯೋಜನೆಯಡಿ ಅನೇಕ ಕಡೆ ಊರಿನ ಮಾರ್ಗವನ್ನೂ ಪಂಪ್‌ಸೆಟ್ಟಿನ ಮಾರ್ಗವನ್ನೂ ಬೇರ್ಪಡಿಸಲಾಗಿದೆ. ಪಂಪ್‌ಸೆಟ್ಟಿನ ಮಾರ್ಗದಲ್ಲಿ ಮೂರು ಫೇಸ್ ವಿದ್ಯುತ್ ದಿನದ ಕೆಲವು ಗಂಟೆಗಳು ಮಾತ್ರ ಇರುತ್ತದೆ. ಚಾರ್ಜಿಂಗ್ ಕೇಂದ್ರಕ್ಕೆ ಈ ಮಾರ್ಗ ಸರಿಹೊಂದದು. ಊರಿನ ಮಾರ್ಗದಿಂದಲೇ ಸಂಪರ್ಕ ಪಡೆಯಬೇಕು.

ಇನ್ನೊಂದು ಮುಖ್ಯ ಎಚ್ಚರಿಕೆ. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಇರುವುದು ನೀರಾವರಿಗಾಗಿ. ಅದೇ ಸಂಪರ್ಕದಿಂದ ವಾಹನ ಚಾರ್ಜ್ ಮಾಡುವುದು 2003 ರ ವಿದ್ಯುಚ್ಛಕ್ತಿ ಕಾಯಿದೆಯ 126 ನೇ ಕಲಮಿನಂತೆ ಅನಧಿಕೃತ ಬಳಕೆಯಾಗುತ್ತದೆ. ಅಂತಹ ಬಳಕೆಗೆ ಸಂಬಂಧಪಟ್ಟ ದರದ ಎರಡರಷ್ಟು ಹಣ ತೆರಬೇಕಾಗುತ್ತದೆ.

2024 ರ ಸೆಪ್ಟೆಂಬರಿನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯಂತೆ ಚಾರ್ಜಿಂಗ್ ಕೇಂದ್ರ ತೆರೆಯಲು ಲೈಸೆನ್ಸ್ ಬೇಕಿಲ್ಲ; ಸುರಕ್ಷತಾ ನಿಯಮಗಳ ಪಾಲನೆ ಮಾತ್ರ ಕಡ್ಡಾಯ. ಗ್ರಾಮೀಣ ಪ್ರದೇಶದಲ್ಲಿ 15 ದಿನಗಳೊಳಗೆ, ಗುಡ್ಡಗಾಡಿನ ಹಳ್ಳಿಗಳಲ್ಲಿ 30 ದಿನಗಳೊಳಗೆ ಸಂಪರ್ಕ ಕೊಡಬೇಕೆಂದು ಅದು ವಿಧಿಸುತ್ತದೆ. ಹೊಸ ಮಾರ್ಗ ಎಳೆಯಬೇಕಾದಲ್ಲಿ ಹೆಚ್ಚು ಕಾಲ ಹಿಡಿಯುತ್ತದೆ.

ಸ್ಥಳ ಮತ್ತು ಸಮಯ

ಸಣ್ಣ ಚಾರ್ಜರಿಗೆ ಸಮಯ ಬೇಕು. 10 ಯೂನಿಟ್ ಹಿಡಿಯುವ ಬ್ಯಾಟರಿಯ ಸರಕು ಗಾಡಿಗೆ 3.3 ಕಿಲೋವ್ಯಾಟಿನಲ್ಲಿ ಮೂರೂವರೆ ಗಂಟೆ ಬೇಕಾದೀತು. ಆದ ಕಾರಣ ವಾಹನಗಳು ಹೇಗೂ ಗಂಟೆಗಟ್ಟಲೆ ನಿಲ್ಲುವ ಜಾಗವನ್ನೇ ಆರಿಸಬೇಕು. ಹೋಬಳಿ ಕೇಂದ್ರದ ಸರ್ಕಾರಿ ಆಸ್ಪತ್ರೆ, ಸರ್ಕಾರಿ ಕಾಲೇಜು, ಪಂಚಾಯಿತಿ ಕಛೇರಿ, ಬಸ್ ನಿಲ್ದಾಣ, ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣ ಇವನ್ನು ಪರಿಶೀಲಿಸಬಹುದು. ಹಾಲಿನ ಸಂಘ ಅಥವಾ ಪತ್ತಿನ ಸಂಘದ ಮುಂದಿನ ಜಾಗವೂ ಅನುಕೂಲವೇ. ಆದರೆ ಅದು ಸರ್ಕಾರಿ ಆವರಣವಲ್ಲದ ಕಾರಣ ಪೂರ್ತಿ ವೆಚ್ಚ ಸರ್ಕಾರದಿಂದ ಬರುತ್ತದೆಂದು ಭಾವಿಸಬಾರದು.

ಸಮಯದ ವಿಚಾರದಲ್ಲಿ ಹಳ್ಳಿಗೆ ಒಂದು ಅನುಕೂಲವಿದೆ. 2024 ರ ಮಾರ್ಗಸೂಚಿಯು ಬೆಳಿಗ್ಗೆ 9 ರಿಂದ ಸಂಜೆ 4 ರವರೆಗಿನ ಸೌರ ವಿದ್ಯುತ್ತಿನ ಅವಧಿಯಲ್ಲಿ ಕೇಂದ್ರಗಳಿಗೆ ಕೊಡುವ ವಿದ್ಯುತ್ತಿನ ದರ ಸರಾಸರಿ ಪೂರೈಕೆ ವೆಚ್ಚದ 0.7 ರಷ್ಟು, ಉಳಿದ ಅವಧಿಯಲ್ಲಿ 1.3 ರಷ್ಟು ಇರಬೇಕೆಂದು ಹೇಳುತ್ತದೆ. ರಾಜ್ಯದ ದರವನ್ನು ಗೊತ್ತುಪಡಿಸುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಹಾಲು, ತರಕಾರಿ ಸಾಗಿಸುವ ಗಾಡಿಗಳು ನಸುಕಿನಲ್ಲಿ ಹೊರಟು ಹತ್ತು ಗಂಟೆಯ ಹೊತ್ತಿಗೆ ಹಿಂದಿರುಗಿ ಮಧ್ಯಾಹ್ನವೆಲ್ಲ ನಿಂತಿರುತ್ತವೆ. ಅದೇ ಹೊತ್ತಿನಲ್ಲಿ ಚಾರ್ಜ್ ಮಾಡಿದರೆ ಸಂಜೆ ಊರಿನ ದೀಪದ ಹೊರೆಯ ಮೇಲೆ ಇನ್ನೊಂದು ಹೊರೆ ಬೀಳುವುದಿಲ್ಲ.

ನಡೆಸುವ ಖರ್ಚಿನ ಲೆಕ್ಕ

ಮೇಲೆ ಹೇಳಿದ ನೆರವು ಕೇಂದ್ರವನ್ನು ಕಟ್ಟುವುದಕ್ಕೆ, ನಡೆಸುವುದಕ್ಕಲ್ಲ. ಕಾವಲು, ದುರಸ್ತಿ, ಸಂಪರ್ಕ ಸೇವೆ ಇವುಗಳ ಖರ್ಚನ್ನು ಕೇಂದ್ರವೇ ದುಡಿಯಬೇಕು. ಉದಾಹರಣೆಗೆ, ಈ ಖರ್ಚು ತಿಂಗಳಿಗೆ 6,000 ರೂಪಾಯಿ ಮತ್ತು ಯೂನಿಟ್ ಒಂದಕ್ಕೆ ಉಳಿಯುವ ಲಾಭ 4 ರೂಪಾಯಿ ಎಂದು ಇಟ್ಟುಕೊಳ್ಳೋಣ. ಆಗ ತಿಂಗಳಿಗೆ 1,500 ಯೂನಿಟ್, ಅಂದರೆ ದಿನಕ್ಕೆ 50 ಯೂನಿಟ್ ಮಾರಾಟವಾಗಬೇಕು. ಇದಕ್ಕೆ ದಿನವೂ 8 ಯೂನಿಟ್ ತುಂಬಿಸುವ ಆರೇಳು ಸರಕು ಗಾಡಿಗಳು ಅಥವಾ 2 ಯೂನಿಟ್ ತುಂಬಿಸುವ 25 ಸ್ಕೂಟರುಗಳು ಬರಬೇಕು. ಸ್ಥಳೀಯ ಖರ್ಚು ಮತ್ತು ದರಗಳನ್ನು ಹಾಕಿಕೊಂಡು ಪ್ರತಿ ಊರೂ ಈ ಲೆಕ್ಕವನ್ನು ಮೊದಲೇ ಮಾಡುವುದು ಒಳ್ಳೆಯದು. ಒಂದೇ ಊರಿನಲ್ಲಿ ಇಷ್ಟು ವಾಹನಗಳಿಲ್ಲದಿದ್ದರೆ ನಾಲ್ಕೈದು ಹಳ್ಳಿಗಳು ಸೇರಿ ಸಂತೆಯ ಊರಿನಲ್ಲಿ ಒಂದು ಕೇಂದ್ರ ಕೇಳುವುದು ಲೇಸು.

ಮನೆಯಲ್ಲಿ ಚಾರ್ಜ್ ಮಾಡುವವರಿಗೆ

ಸ್ಕೂಟರುಗಳನ್ನು ಹೆಚ್ಚಾಗಿ ಮನೆಯಲ್ಲೇ ಚಾರ್ಜ್ ಮಾಡಲಾಗುತ್ತದೆ. 2023 ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಉಚಿತ ಯೂನಿಟ್ಟುಗಳ ಮಿತಿ ಗೊತ್ತುಮಾಡಲಾಯಿತು. ಸ್ಕೂಟರಿನಿಂದ ಬಳಕೆ ಆ ಮಿತಿ ಮೀರಿದರೆ ಹೆಚ್ಚುವರಿ ಯೂನಿಟ್ಟಿಗೆ ಹಣ ಕೊಡಬೇಕು. 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ಣ ಬಿಲ್ಲು ಕಟ್ಟಬೇಕು.

ಚಾರ್ಜ್ ಮಾಡುವ ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಮತ್ತು ಸೋರಿಕೆಯಾದಾಗ ತಾನೇ ಕಡಿತವಾಗುವ ಸ್ವಿಚ್ಚು ಇರಲೇಬೇಕು. ತೆಳು ವೈರಿನ ಎಕ್ಸ್‌ಟೆನ್ಷನ್ ಬಳಸಬಾರದು. ಒಣಹುಲ್ಲು, ಮೇವು, ಗೋಣಿಚೀಲಗಳಿರುವ ಕೊಟ್ಟಿಗೆಯಲ್ಲಿ ಚಾರ್ಜ್ ಮಾಡಬಾರದು. ದೂರ ಓಡಿ ಬಂದ ವಾಹನದ ಬ್ಯಾಟರಿ ತಣ್ಣಗಾದ ಮೇಲೆ ಪ್ಲಗ್ ಹಾಕುವುದು ಕ್ಷೇಮ.

ಗ್ರಾಮ ಪಂಚಾಯಿತಿಗಳು ಕೈಗೊಳ್ಳಬೇಕಾದ ಕ್ರಮಗಳು

1. ಊರಿನಲ್ಲಿರುವ ಮತ್ತು ದಿನವೂ ಬಂದುಹೋಗುವ ವಿದ್ಯುತ್ ವಾಹನಗಳನ್ನು ಎಣಿಸಿ ಪಟ್ಟಿ ಮಾಡುವುದು. ಕೇಂದ್ರ ಬಂದರೆ ವಾಹನ ಕೊಳ್ಳಲು ಸಿದ್ಧರಿರುವವರನ್ನು ಬೇರೆಯಾಗಿ ಬರೆಯುವುದು.
2. ಸರ್ಕಾರಿ ಆವರಣಗಳಲ್ಲಿ ಎರಡು ಮೂರು ಜಾಗಗಳನ್ನು ಗುರುತಿಸುವುದು. ನೆರಳು, ರಾತ್ರಿ ದೀಪ ಮತ್ತು ಮಳೆನೀರು ನಿಲ್ಲದ ನೆಲ ಇರಬೇಕು.
3. ಹತ್ತಿರದ ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯ ಮತ್ತು ಈಗಿನ ಹೊರೆಯನ್ನು ವಿದ್ಯುತ್ ಕಂಪನಿಯ ಶಾಖಾಧಿಕಾರಿಗಳಿಂದ ಬರವಣಿಗೆಯಲ್ಲಿ ಪಡೆಯುವುದು.
4. ಕೇಂದ್ರವನ್ನು ನಡೆಸುವವರು ಯಾರು, ದುರಸ್ತಿ ಯಾರ ಜವಾಬ್ದಾರಿ ಎಂಬುದನ್ನು ಗ್ರಾಮಸಭೆಯಲ್ಲಿ ತೀರ್ಮಾನಿಸುವುದು.
5. ಈ ವಿವರಗಳೊಡನೆ ಠರಾವನ್ನು ತಾಲ್ಲೂಕು ಪಂಚಾಯಿತಿ ಮತ್ತು ವಿದ್ಯುತ್ ಕಂಪನಿಯ ಮೂಲಕ ನೋಡಲ್ ಸಂಸ್ಥೆಯಾದ ಬೆಸ್ಕಾಂಗೆ ಕಳುಹಿಸುವುದು.

ಟ್ರ್ಯಾಕ್ಟರುಗಳೂ ಬ್ಯಾಟರಿಯ ಕಡೆಗೆ ತಿರುಗುತ್ತಿವೆ. ದುರ್ಗಾಪುರದ ಕೇಂದ್ರೀಯ ಮೆಕ್ಯಾನಿಕಲ್ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯು 2023 ರಲ್ಲಿ ಪ್ರಕಟಿಸಿದ ಸಣ್ಣ ಟ್ರ್ಯಾಕ್ಟರು ಮನೆಯ ಪ್ಲಗ್ಗಿನಲ್ಲಿ 7-8 ಗಂಟೆ ಚಾರ್ಜ್ ಮಾಡಿದರೆ ಹೊಲದಲ್ಲಿ ನಾಲ್ಕು ಗಂಟೆಗೂ ಹೆಚ್ಚು ಕೆಲಸ ಮಾಡಬಲ್ಲದೆಂದು ಆ ಸಂಸ್ಥೆ ತಿಳಿಸಿದೆ. ಇಂತಹ ಯಂತ್ರಗಳು ಬಳಕೆಗೆ ಬರುವ ಮೊದಲೇ ಊರಿನ ವಿದ್ಯುತ್ ವ್ಯವಸ್ಥೆ ಬಲವಾಗಿರಬೇಕು. ಪೂರೈಕೆ ವ್ಯವಸ್ಥೆಗೆ ಸಾರ್ವಜನಿಕ ಹಣ ದೊರೆಯುವ ಅವಧಿ 2028 ರ ಮಾರ್ಚ್‌ಗೆ ಮುಗಿಯಲಿರುವುದರಿಂದ, ಪಂಚಾಯಿತಿಗಳೂ ಸಹಕಾರ ಸಂಘಗಳೂ ಮುಂದಿನ ಗ್ರಾಮಸಭೆಯಲ್ಲೇ ಈ ವಿಷಯವನ್ನು ಚರ್ಚೆಗೆ ತರುವುದು ಸೂಕ್ತ.