ದ್ವೇಷ ಮಾಡೂದು ತಪ್ಪೇನ್ರಿ?



ಕಲಘಟಗಿ ತಾಲ್ಲೂಕಿನ ಹಳ್ಳಿಗಳಲ್ಲಿ ಸಭೆ ಮುಗಿದು, ಉಳಿತಾಯದ ಲೆಕ್ಕ ಬರೆದಾದ ಮೇಲೆ, ಕೆಲವು ಹೆಣ್ಣುಮಕ್ಕಳು ನಮ್ಮನ್ನು ಬದಿಗೆ ಕರೆದು ಕೇಳುವ ಪ್ರಶ್ನೆ ಒಂದಿದೆ. "ಸಿಸ್ಟರ್, ದಿನಾ ಕುಡದು ಬಂದು ಹೊಡಿತಾನ್ರಿ. ಅವನ ಮಾರಿ ನೋಡಿದ್ರ ಮೈ ಉರೀತೈತಿ. ಹಿಂಗ ದ್ವೇಷ ಮಾಡೂದು ಪಾಪ ಏನ್ರಿ?"

"ಕ್ಷಮಿಸಿಬಿಡವ್ವ" ಅಂತ ಹೇಳಿ ಎದ್ದು ಬರುವುದು ಸುಲಭ. ಆದರೆ ಅದರಿಂದ ಅವಳ ಬೆನ್ನಿನ ಬಾಸುಂಡೆ ಮಾಯುವುದಿಲ್ಲ. ಆದ್ದರಿಂದ ಈ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡೋಣ.

ಸಿಟ್ಟು ಬೇರೆ, ದ್ವೇಷ ಬೇರೆ

ಅನ್ಯಾಯ ಆದಾಗ ಸಿಟ್ಟು ಬರಲೇಬೇಕು. ಬರದಿದ್ದರೇ ಚಿಂತೆ ಮಾಡಬೇಕು. ಸಿಟ್ಟು "ಇದು ನಿಲ್ಲಬೇಕು" ಅನ್ನುತ್ತದೆ. ದ್ವೇಷ "ಇವನು ಹಾಳಾಗಬೇಕು" ಅನ್ನುತ್ತದೆ. ಅನ್ಯಾಯ ನಿಂತರೆ ಸಿಟ್ಟು ಇಳಿಯುತ್ತದೆ. ದ್ವೇಷಕ್ಕೆ ಅಷ್ಟರಿಂದ ಸಮಾಧಾನ ಇಲ್ಲ.

ದ್ವೇಷದಲ್ಲೂ ಎರಡು ಬಗೆ. ಒಂದು ಕೆಟ್ಟ ಕೆಲಸದ ಮೇಲಿನದು, ಇನ್ನೊಂದು ಮನುಷ್ಯನ ಮೇಲಿನದು. ಮೊದಲನೆಯದು ತಪ್ಪಲ್ಲ. ಎಷ್ಟೋ ಸಲ ಅದು ನಮ್ಮ ಕರ್ತವ್ಯವೇ ಆಗಿರುತ್ತದೆ.

1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಡಾ. ಅಂಬೇಡ್ಕರ್ ಅವರು ಮನುಸ್ಮೃತಿಯನ್ನು ಸುಡಿಸಿದರು. ಅಸ್ಪೃಶ್ಯತೆಯನ್ನು ಅವರಷ್ಟು ದ್ವೇಷಿಸಿದವರು ಕಡಿಮೆ. ಆದರೆ ಅಲ್ಲಿ ಸುಟ್ಟಿದ್ದು ಪುಸ್ತಕ, ಮನುಷ್ಯರನ್ನಲ್ಲ. ಆ ಕಾರ್ಯದಲ್ಲಿ ಮುಂದೆ ನಿಂತವರಲ್ಲಿ ಸಹಸ್ರಬುದ್ಧೆ ಎಂಬ ಬ್ರಾಹ್ಮಣರೂ ಇದ್ದರು. ಬ್ರಾಹ್ಮಣರನ್ನೇ ದ್ವೇಷಿಸುವುದಾಗಿದ್ದರೆ ಅವರಿಗೆ ಅಲ್ಲಿ ಜಾಗ ಸಿಗುತ್ತಿರಲಿಲ್ಲ.

ನಮ್ಮ ಹತ್ತಿರದ್ದನ್ನೇ ನೋಡಿ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು. ಆದರೆ ಬೇರೆ ಮದ್ಯ ಹಳ್ಳಿಹಳ್ಳಿಗೆ ಬಂತು. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧಿಸಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋದರು. ಪೂರ್ತಿ ನಿಷೇಧ ಇನ್ನೂ ಬಂದಿಲ್ಲ. ಆದರೂ ಗಮನಿಸಿ, ಅವರು ಕುಡುಕರನ್ನು ಹೊಡೆಯಲು ಹೊರಡಲಿಲ್ಲ. ಮನೆ ಹಾಳು ಮಾಡುವ ವ್ಯಾಪಾರ ನಿಲ್ಲಲಿ ಎಂದು ಹೊರಟರು.

ಮನುಷ್ಯನ ಮೇಲಿನ ದ್ವೇಷ ಎಲ್ಲಿಗೆ ಹೋಗುತ್ತದೆ?

ಅದು ಒಬ್ಬನ ಮೇಲೆ ನಿಲ್ಲುವುದಿಲ್ಲ. 2014ರ ಆಗಸ್ಟ್‌ನಲ್ಲಿ ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ ಆದದ್ದು ಇದೇ. ಗಂಗಾವತಿಯ ಸಿನಿಮಾ ಟಾಕೀಸಿನಲ್ಲಿ ಆದ ಜಗಳ ಊರಿಗೆ ಬಂದು, ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಜಗಳ ಆಡಿದವರು ಯಾರು ಅಂತ ಬೆಂಕಿ ಕೇಳುವುದಿಲ್ಲ. ನೊಂದವರು ಬೆಂಕಿಗೆ ಬೆಂಕಿ ಹಚ್ಚಲಿಲ್ಲ, ನ್ಯಾಯಾಲಯದಲ್ಲಿ ಹತ್ತು ವರ್ಷ ಕಾದರು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮೇಲ್ಮನವಿ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಿ, ಮುಂದಿನ ತಿಂಗಳೇ ಅವರಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು. ನ್ಯಾಯದ ದಾರಿ ಉದ್ದ ಇದೆ, ನಿಜ. ಆದರೆ ಆ ದಾರಿಯಲ್ಲಿ ಇನ್ನೊಂದು ಕೇರಿ ಸುಡುವುದಿಲ್ಲ.

ಮನೆಯಲ್ಲೂ ಹೀಗೇ. ಗಂಡನ ಮೇಲಿನ ದ್ವೇಷ ಒಂದು ದಿನ ಮಗನ ಮೇಲೆ ಹೊರಳುತ್ತದೆ. "ಥೇಟ್ ನಿಮ್ಮಪ್ಪನ ಬುದ್ಧಿ ನಿಂದು" ಅಂತ ಬೈದಾಗ ಆ ಕೂಸು ಏನು ತಪ್ಪು ಮಾಡಿತ್ತು?

ಹಾಗಾದರೆ ಹೊಡೆಸಿಕೊಂಡವಳ ದ್ವೇಷ?

ಅವಳ ದ್ವೇಷ ನಮಗೆ ಅರ್ಥವಾಗುತ್ತದೆ. ಅದು ಗಾಯದ ಗುರುತು. ಪೆಟ್ಟು ತಿನ್ನದವರು ಅವಳಿಗೆ "ನೀನು ಪಾಪಿ" ಅನ್ನಬಾರದು, "ಬೇಗ ಕ್ಷಮಿಸು" ಅಂತ ಅವಸರವನ್ನೂ ಮಾಡಬಾರದು. ಆದರೆ ಆ ದ್ವೇಷವೇ ಸರಿ, ಅದನ್ನೇ ಇಟ್ಟುಕೊಂಡು ಬಾಳು ಅಂತಲೂ ನಾವು ಹೇಳುವುದಿಲ್ಲ. ಏಕೆಂದರೆ ಅವನು ಎದುರಿಗೆ ಇಲ್ಲದಾಗಲೂ ಅದು ಅವಳನ್ನು ಅವನಿಗೇ ಕಟ್ಟಿಹಾಕುತ್ತದೆ. ಊಟ, ನಿದ್ದೆ, ದುಡಿಮೆ ಎಲ್ಲದರಲ್ಲೂ ಅವನೇ ಬಂದು ಕೂರುತ್ತಾನೆ.

ಇಲ್ಲಿ ಒಂದು ಮಾತು ಸ್ಪಷ್ಟ ಇರಲಿ. ದ್ವೇಷ ಬಿಡುವುದು ಎಂದರೆ ಪೆಟ್ಟು ಸಹಿಸುವುದು ಅಲ್ಲ. ಕ್ಷಮಿಸುವುದು ಎಂದರೆ ದೂರು ವಾಪಸ್ ತೆಗೆದುಕೊಳ್ಳುವುದೂ ಅಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ 2005ರ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಇದರಡಿ ಹೊಡೆಯದಂತೆ ರಕ್ಷಣಾ ಆದೇಶ, ಅದೇ ಮನೆಯಲ್ಲಿ ವಾಸಿಸುವ ಹಕ್ಕು, ಜೀವನಾಂಶ ಕೇಳಬಹುದು. ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರನ್ನು, ಅಂದರೆ ಅಂಗನವಾಡಿಗಳ ಮೇಲಧಿಕಾರಿಯನ್ನು, ಕಂಡು ದೂರು ಕೊಡಬಹುದು. ಮಹಿಳಾ ಸಹಾಯವಾಣಿ 181, ತುರ್ತು ಇದ್ದರೆ 112.

ದೂರು ಕೊಡುವುದು ದ್ವೇಷ ಅಲ್ಲ. ಅದು ನಿಮಗೂ ಮಕ್ಕಳಿಗೂ ರಕ್ಷಣೆ. ಅವನಿಗೂ ತಿದ್ದಿಕೊಳ್ಳಲು ಒಂದು ಅವಕಾಶ.

ಮುಂದಿನ ಸಭೆಯಲ್ಲಿ ಚರ್ಚಿಸಿ:

1. ನಮ್ಮ ಸಂಘದ ಒಬ್ಬಳು ಪೆಟ್ಟು ತಿಂದು ಬಂದರೆ ಆ ರಾತ್ರಿ ಅವಳು, ಅವಳ ಮಕ್ಕಳು ಯಾರ ಮನೆಯಲ್ಲಿ ಮಲಗಬೇಕು? ಈಗಲೇ ಗೊತ್ತು ಮಾಡಿಕೊಳ್ಳಿ.

2. ಒಬ್ಬರು ಮಾಡಿದ ತಪ್ಪಿಗೆ ಅವರ ಜಾತಿ, ಧರ್ಮದವರನ್ನೆಲ್ಲ ಬೈದದ್ದು ನಮ್ಮೂರಲ್ಲಿ ಉಂಟೇ? ಆಗ ನಾವು ಏನು ಹೇಳಿದೆವು?

3. ದೂರು ಕೊಡಲು ಹೋಗುವವಳ ಜೊತೆ ನಮ್ಮಲ್ಲಿ ಯಾರು ಇಬ್ಬರು ಹೋಗುತ್ತೀರಿ? ಅವರ ಹೆಸರು ನಡಾವಳಿ ಪುಸ್ತಕದಲ್ಲಿ ಬರೆದಿಡಿ.